ಕೊಟ್ಟ ಹಡಗಿನ ಹಗ್ಗ

ಮದಲೂರಿನ ಸರಸಮ್ಮ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಕೋಡಿ ಬಿದ್ದ ವರ್ಷ ಊರಿನ ಕೆರೆ ಏರಿಯ ಮೇಲೆ ನಿಂತು, "ಇದ್ಕಿಂತ ಜಾಸ್ತಿ ನೀರು ಯಾರಿಗ್ ಬೇಕು?" ಎಂದಿದ್ದವಳು. ಆದರೂ ಹಡಗಿನ ಮಾತು ಬಂದರೆ ಊರಿನಲ್ಲಿ ಅವಳೆದುರು ಯಾರೂ ಬಾಯಿ ತೆರೆಯುವಂತಿರಲಿಲ್ಲ. ಕಿರಿಮಗಳು ರಕ್ಷಾ ನೌಕಾಪಡೆ ಸೇರಿ ಮೂರು ವರ್ಷ ದಾಟಿತ್ತು. ಕಾರವಾರದಲ್ಲಿ, ಕರಾವಳಿ ಕಾಯುವ ಒಂದು ಗಸ್ತು ಹಡಗಿನಲ್ಲಿ ಕೆಲಸ. ಆ ಹಡಗಿನ ಫೋಟೋ ಫೋನಿಗೆ ಬಂದ ದಿನವೇ ಸರಸಮ್ಮ ಅದಕ್ಕೆ ಬೂದಿ ಎಂದು ಹೆಸರಿಟ್ಟುಬಿಟ್ಟಳು. ಅವರ ಕೊಟ್ಟಿಗೆಯಲ್ಲಿ ಹಿಂದೆ ಇದ್ದ ಹಸುವಿನದೂ ಅದೇ ಬಣ್ಣ. ಸರ್ಕಾರ ಇಟ್ಟ ಹೆಸರು ಬೇರೆ ಇತ್ತು, ಅದಕ್ಕೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಮಗಳು ಫೋನ್ ಮಾಡಿದರೆ ಮೊದಲು "ಬೂದಿ ಹೆಂಗೈತವ್ವ?" ಆಮೇಲೆ ಊಟದ ವಿಚಾರ.

ಆ ಬೂದಿಯನ್ನು ಬೇರೆ ದೇಶಕ್ಕೆ ಕೊಡುತ್ತಾರೆ ಎಂಬ ಸುದ್ದಿ ಬಂದದ್ದು ಯುಗಾದಿ ಕಳೆದ ಮೇಲೆ. ಹಡಗಿಗೆ ವಯಸ್ಸಾಗಿತ್ತು, ಆದರೆ ಮೈ ಗಟ್ಟಿ. ತುಕ್ಕು ಕೆರೆದು, ಹಳೆ ಇಂಜಿನ್ ಇಳಿಸಿ ಹೊಸದು ಕೂರಿಸಿ, ಬಣ್ಣ ಬಳಿದು, ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ, ಸಮುದ್ರದಾಚೆಯ ಒಂದು ಪುಟ್ಟ ದ್ವೀಪ ದೇಶದ ನೌಕಾಪಡೆಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಆ ದೇಶದವರು ನಮಗೆ ಬೇಕಾದವರು. ಅವರ ನೀರಿಗೆ ನುಗ್ಗುವ ಕಳ್ಳ ದೋಣಿಗಳನ್ನು ಅಟ್ಟುವುದಕ್ಕೆ ಅವರ ಹತ್ತಿರ ಸರಿಯಾದ ಹಡಗಿರಲಿಲ್ಲ.

"ನನ್ನ ಮೊದಲ್ನೇ ಹಡಗಮ್ಮ," ಎಂದು ರಕ್ಷಾ ಫೋನಿನಲ್ಲಿ ಅತ್ತುಬಿಟ್ಟಳು.

ಅಳುವವರಿಗೆ ಸಮಾಧಾನ ಹೇಳುವುದು ಸರಸಮ್ಮನಿಗೆ ಗೊತ್ತಿಲ್ಲ. ಕೆಲಸ ಹೇಳುವುದು ಗೊತ್ತು. "ಅಳ್ಬೇಡ ಸುಮ್ಕಿರು. ಹೋಗೋದು ಹೋಯ್ತದೆ. ಹಗ್ಗ ಮಾತ್ರ ಕೊಡ್ಬೇಡ," ಎಂದಳು.

ಮದಲೂರಿನ ಕಡೆ ಹಸು ಮಾರಿದರೆ ಹಗ್ಗ ಮಾರುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯ ಹಗ್ಗ ಕೊಟ್ಟಿಗೆಯ ಗೂಟದಲ್ಲೇ ನೇತಾಡಬೇಕು. ಅದೂ ಹೋಯಿತೋ, ಹಸುವಿನ ಹಿಂದೆಯೇ ಮನೆಯ ಹಾಲು ಮೊಸರೆಲ್ಲ ಹೋಯಿತು ಎಂದೇ ಲೆಕ್ಕ. ಇದನ್ನು ರಕ್ಷಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಟ್ಟಿಗೆಯಲ್ಲೇ ಆಡಿ ಬೆಳೆದವಳು.

ಹಡಗಿನಲ್ಲಿ ಹಗ್ಗಕ್ಕೇನು ಬರವೇ? ಮಾರುಗಟ್ಟಲೆ ಬಿದ್ದಿರುತ್ತದೆ. ಆದರೆ ರಕ್ಷಾಳಿಗೆ ತನ್ನದು ಅನ್ನಿಸಿದ ಹಗ್ಗ ಒಂದೇ. ಪ್ರತಿ ಹಡಗಿನಲ್ಲೂ ಒಂದು ಹಿತ್ತಾಳೆ ಗಂಟೆ ಇರುತ್ತದೆ, ಅದರ ನಾಲಗೆಗೆ ಹಿಡಿದು ಬಾರಿಸಲು ಮೂರು ಮೊಳದುದ್ದದ ಹಗ್ಗ ಕಟ್ಟಿರುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಳಿ ನೂಲು ತೆಗೆದುಕೊಂಡು, ಗಂಟಿನ ಮೇಲೆ ಗಂಟು ಹಾಕಿ, ಜಡೆ ಹೆಣೆದ ಹಾಗೆ ಹೆಣೆದು, ತುದಿಗೊಂದು ಕುಚ್ಚು ಬಿಟ್ಟು ಆ ಹಗ್ಗ ಮಾಡಿದ್ದವಳು ರಕ್ಷಾ. ಈಗ ಅದನ್ನು ಬಿಚ್ಚಿ, ಆ ಜಾಗಕ್ಕೆ ಅಂಗಡಿಯದೊಂದು ನೈಲಾನ್ ಹಗ್ಗ ಕಟ್ಟಿದಳು. ಎಲ್ಲವನ್ನೂ ಹೊಸದು ಮಾಡುತ್ತಿರುವಾಗ ಇದನ್ನು ಯಾರು ಕೇಳುತ್ತಾರೆ ಅಂದುಕೊಂಡಳು. ಅದೇ ಹಡಗಿನಲ್ಲಿದ್ದ ಕೊರಟಗೆರೆಯ ಪ್ರಸನ್ನ ಕುಮಾರ್ ರಜೆಯ ಮೇಲೆ ಊರಿಗೆ ಹೊರಟಾಗ ಅವನ ಕೈಯಲ್ಲಿ ಕೊಟ್ಟು ಕಳಿಸಿದಳು. ಸರಸಮ್ಮ ಶಿರಾ ಬಸ್ ನಿಲ್ದಾಣಕ್ಕೆ ಹೋಗಿ ಇಸಿದುಕೊಂಡು ಬಂದು, ಕಣ್ಣಿಗೊತ್ತಿಕೊಂಡು, ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು. ಅಲ್ಲಿಗೆ ಎಲ್ಲ ಸುಸೂತ್ರ ಅಂದುಕೊಂಡರು, ತಾಯಿ ಮಗಳು ಇಬ್ಬರೂ.

ವಾರ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಸರಸಮ್ಮ ರೊಟ್ಟಿ ತಟ್ಟುತ್ತಿದ್ದಾಗ ಫೋನ್ ಬಂತು.

"ಅಮ್ಮ, ಹಗ್ಗ ಎಲ್ಲೈತೆ?"

"ಗೂಟದಾಗೈತೆ. ಬೂದಿ ಹೆಂಗೈತೆ?"

"ಬೂದಿ ಇರ್ಲಿ, ಮೊದ್ಲು ನನ್ ಕತೆ ಕೇಳು!" ರಕ್ಷಾಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಒಪ್ಪಿಸುವ ಸಮಾರಂಭ ನಾಳೆ ಮಧ್ಯಾಹ್ನ. ದ್ವೀಪದವರ ಕ್ಯಾಪ್ಟನ್ ಒಬ್ಬ ಹೆಂಗಸು. ತಿಂಗಳ ಹಿಂದೆ ಹಡಗು ನೋಡಲು ಬಂದಾಗ ಆಕೆ ಗಂಟೆಯ ಹಗ್ಗ ಸವರಿ, ಇದು ಯಾರು ಮಾಡಿದ್ದು ಎಂದು ಕೇಳಿದ್ದಳಂತೆ. ಮಾಡಿದವಳ ಕೈಯಿಂದಲೇ ಅದನ್ನು ಒಪ್ಪಿಸಿಕೊಳ್ಳಬೇಕು ಎಂದು ಆಕೆಗೆ ಆಸೆ. ಹಡಗಿನ ಕಮಾಂಡರ್ ಸಾಹೇಬರೂ ಆಗಲಿ ಅಂದಿದ್ದಾರೆ. ರಕ್ಷಾಳಿಗೆ ಇದೆಲ್ಲ ಗೊತ್ತಾದದ್ದು ಈವತ್ತಿನ ತಾಲೀಮಿನಲ್ಲಿ, ಮೇಲಿನವರು ನೈಲಾನ್ ಹಗ್ಗ ಹಿಡಿದು, "ನಮ್ಮದೆಲ್ಲಿ?" ಎಂದು ಕೇಳಿದಾಗ.

"ಏನಂದೆ ನೀನು?"

"ಒಗೆದು ಒಣಗಾಕಿದೀನಿ ಸಾರ್ ಅಂದ್ಬುಟ್ಟೆ."

ಸರಸಮ್ಮ ಒಲೆಯ ಮೇಲಿದ್ದ ರೊಟ್ಟಿ ಮರೆತಳು.

"ನಾಳೆ ಅದು ಇಲ್ದಿದ್ರೆ ನಾನು ಹಡಗಿನ ಸಾಮಾನು ಕದ್ದೋಳು ಆಯ್ತೀನಮ್ಮ. ನಮ್ ನಾಲ್ಕು ವರ್ಷದ್ ಕೆಲ್ಸ ಮುಗುದ್ಮೇಲೆ ನಾಲ್ಕು ಜನದಾಗೆ ಒಬ್ರುನ್ನ ಉಳಿಸ್ಕೊಂತಾರೆ ಅಷ್ಟೆ. ಕಳ್ಳಿ ಅಂತ ಹೆಸರು ಬಂದೋಳ್ನ ಉಳಿಸ್ಕೊಂತಾರಾ?"

"ಅದ್ಯಾವ ನ್ಯಾಯ? ಮಾರ್ದೋರು ಹಗ್ಗ ಯಾಕೆ ಕೊಡ್ಬೇಕು?" ಸರಸಮ್ಮನಿಗೆ ಸಿಟ್ಟು ಬಂತು.

"ಯಾರಮ್ಮ ಮಾರಿದ್ದು? ಮಾರ್ತಿಲ್ಲ! ಸುಮ್ನೆ ಕೊಡ್ತಿರೋದು. ಒಂದ್ರೂಪಾಯಿನೂ ಇಸ್ಕೊಳ್ದೆ, ಸ್ನೇಹಕ್ಕೆ."

ಅಷ್ಟು ದೊಡ್ಡ ಹಡಗನ್ನು, ಅದೂ ಹೊಸ ಇಂಜಿನ್ ಹಾಕಿಸಿ, ಯಾರಾದರೂ ಬಿಟ್ಟಿ ಕೊಡುತ್ತಾರೆ ಎಂದು ಸರಸಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಎಲ್ಲ ಬುಡಮೇಲಾಯಿತು. ಯಾಕೆಂದರೆ ಮಾರಿದ ಹಸುವಿನ ಶಾಸ್ತ್ರವೇ ಬೇರೆ, ಕೊಟ್ಟ ಹಸುವಿನ ಶಾಸ್ತ್ರವೇ ಬೇರೆ. ಮಗಳ ಮನೆಗೋ, ಒಡಹುಟ್ಟಿದವರಿಗೋ ಹಸು ಕೊಟ್ಟರೆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಎರಡೂ ಕೈಗೆ ಹಾಕಬೇಕು. ಹಗ್ಗ ಉಳಿಸಿಕೊಂಡರೆ ಮನಸ್ಸಿಲ್ಲದೆ ಕೊಟ್ಟ ಹಾಗೆ. ಅಂಥ ಹಸು ಹೋದ ಮನೆಯಲ್ಲಿ ಮೇವು ಮುಟ್ಟದೆ ಕೊರಗುತ್ತದೆ. ತಾನು ಬೂದಿಗೆ ಎಂಥ ಕೆಲಸ ಮಾಡಿದೆ! ಮಗಳಿಗೂ ಕಳ್ಳಿಯ ಹೆಸರು, ಹಡಗಿಗೂ ಕೊರಗು. ಎರಡೂ ತನ್ನ ಒಂದು ಮಾತಿನಿಂದ.

"ನೀನ್ ಹೆದರ್ಬೇಡ. ಹಗ್ಗ ನಾಳೆ ಅಲ್ಲಿರ್ತೈತೆ," ಎಂದು ಫೋನಿಟ್ಟು ಕೊಟ್ಟಿಗೆಗೆ ಓಡಿದಳು.

ಗೂಟ ಖಾಲಿ ಇತ್ತು.

ಗಂಡ ಬೈರಪ್ಪ ಅಂಗಳದಲ್ಲಿ ಮೊಪೆಡ್ ತೊಳೆಯುತ್ತಿದ್ದ. "ಏನ್ರೀ, ಗೂಟದಾಗಿದ್ದ ಬಿಳಿ ಹಗ್ಗ ಎಲ್ಲಿ?"

"ಅದಾ? ಕೆಂಪಿ ಕುತ್ತಿಗೆಗೆ ಕಟ್ದೆ," ಎಂದ ಬೈರಪ್ಪ, ಬಹುಮಾನ ಸಿಗುತ್ತದೆ ಅನ್ನುವ ಹಾಗೆ ಮುಖ ಅರಳಿಸಿ. "ಮಗಳ ಮನೆಗೆ ಕೊಡೋ ಕಡಸು. ಚೆಂದಾಗಿರೋ ಹಗ್ಗ ಇರ್ಲಿ ಅಂತ."

ಮೊನ್ನೆ ಸರಸಮ್ಮ ನೆಂಟರ ಮದುವೆಗೆಂದು ಶಿರಾಕ್ಕೆ ಹೋಗಿದ್ದಾಗ ಬೈರಪ್ಪ ಕೆಂಪಿ ಎಂಬ ಕಡಸನ್ನು ಟೆಂಪೋ ಹತ್ತಿಸಿಕೊಂಡು ಹೋಗಿ, ಪಾವಗಡದಾಚೆ ಬಲಸಮುದ್ರದಲ್ಲಿರುವ ಹಿರಿಮಗಳು ಆಶಾರಾಣಿಯ ಮನೆಗೆ ಬಿಟ್ಟು ಬಂದಿದ್ದ. ಮೊಮ್ಮಗುವಿಗೆ ಮುಂದೆ ಹಾಲಾಗಲಿ ಎಂದು ಕೊಟ್ಟದ್ದು. ಕೊಟ್ಟ ಹಸುವಾದ್ದರಿಂದ ಹಗ್ಗವನ್ನೂ ಎರಡು ಕೈಯಲ್ಲಿ ಕೊಟ್ಟು, ಊಟ ಮಾಡಿ ಬಂದಿದ್ದ. ಶಾಸ್ತ್ರದ ಪ್ರಕಾರ ನೋಡಿದರೆ ಅವನದು ಎಳ್ಳಷ್ಟೂ ತಪ್ಪಿಲ್ಲ. ಅದಕ್ಕೇ ಸರಸಮ್ಮನಿಗೆ ಇನ್ನೂ ಸಿಟ್ಟು.

"ಇಡೀ ಕೊಟ್ಟಿಗೇಲಿ ನಿಮ್ಗೆ ನೌಕಾಪಡೆ ಹಗ್ಗನೇ ಬೇಕಾಗಿತ್ತಾ? ತೆಗೀರಿ ಗಾಡಿ!"

ಗಾಡಿ ಹೊರಡುವ ಮೊದಲೇ ಪ್ರಸನ್ನ ಕುಮಾರನಿಗೆ ಫೋನಾಯಿತು. ಅವನು ಆವತ್ತೇ ಮಧ್ಯಾಹ್ನ ಗೆಳೆಯರ ಜೊತೆ ಕಾರಿನಲ್ಲಿ ಕೊರಟಗೆರೆ ಬಿಟ್ಟು, ಮಧುಗಿರಿ ಮೇಲೆ ಶಿರಾಕ್ಕೆ ಬಂದು, ಹೆದ್ದಾರಿ ಹಿಡಿದು ಕಾರವಾರಕ್ಕೆ ಹೋಗುವವನು. "ಮಧುಗಿರಿ ಬಸ್‌ಸ್ಟ್ಯಾಂಡ್ ಹತ್ರ ಕಾಯ್ತೀನಿ ಆಂಟಿ. ಆದ್ರೆ ದೀಪ ಹಚ್ಚೋ ಹೊತ್ತಿಗೆ ಹೊರಟ್ಬಿಡ್ತೀವಿ. ಬೆಳಿಗ್ಗೆ ನಾನು ಡ್ಯೂಟಿಗೆ ನಿಂತಿರ್ಬೇಕು," ಎಂದ. ಆಶಾರಾಣಿಗೆ ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ.

ಎಷ್ಟೇ ಅವಸರವಿದ್ದರೂ ಮಗಳ ಮನೆಗೆ ಬರಿಗೈಯಲ್ಲಿ ಹೋಗಲಾದೀತೇ? ಸರಸಮ್ಮ ಅರ್ಧ ಚೀಲ ಕಡಲೆಕಾಯಿ ತಂದು ಮೊಪೆಡ್ಡಿನ ಮುಂದಕ್ಕಿಟ್ಟಳು. ಬೈರಪ್ಪ ತಾನೇ ಪುಂಡಿ ನಾರಿನಲ್ಲಿ ಹೊಸೆದ ಹಗ್ಗದಿಂದ ಅದನ್ನು ಬಿಗಿದ. ಹೊರಟರು.

ಸರಸಮ್ಮ ದಾರಿಯುದ್ದಕ್ಕೂ ಗಂಡನ ಭುಜ ತಿವಿಯುತ್ತಿದ್ದಳು. ಮೊಪೆಡ್ಡಿಗೆ ವೇಗ ಅನ್ನುವುದು ಹುಟ್ಟಿನಿಂದಲೇ ಬಂದಿರಲಿಲ್ಲ, ತಿವಿದರೆ ಬರುತ್ತದೆಯೇ? ಪಾವಗಡ ದಾಟಿ ಬಲಸಮುದ್ರದ ದಾರಿ ಹಿಡಿದ ಮೇಲೆ ಇನ್ನೊಂದು ಪಜೀತಿ. ಕಣ್ಣು ಹಾಯಿಸಿದ ಕಡೆಯೆಲ್ಲ ಸೋಲಾರ್ ಪ್ಯಾನೆಲ್ಲುಗಳು, ಒಂದರ ಹಿಂದೆ ಒಂದು, ನೀಲಿಯಾಗಿ, ಬಿಸಿಲಿಗೆ ಮಿರಮಿರನೆ. ಮೊನ್ನೆ ಟೆಂಪೋದವನು ಯಾವ ಕಡೆ ತಿರುಗಿದ ಎಂದು ಬೈರಪ್ಪನಿಗೆ ನೆನಪಿಲ್ಲ. ಬೇಲಿ ಪಕ್ಕ ಹೋಗಿ, ತಿರುಗಿ, ಹೋದ ಜಾಗಕ್ಕೇ ಬಂದರು.

"ನಿಮ್ಮುನ್ನ ನಂಬ್ಕೊಂಡು ಹಡಗು ಕೊಟ್ಟಿದ್ರೆ ಆಗಿತ್ತು," ಎಂದಳು ಸರಸಮ್ಮ.

ಅವಳಿಗೆ ಅಳು ಬರುವುದೊಂದು ಬಾಕಿ. ಆದರೆ ಅದರ ಅಡಿಯಲ್ಲಿ ಇನ್ನೇನೋ ಇತ್ತು. ಐವತ್ತು ದಾಟಿದ ಮೇಲೆ ಎರಡು ದೇಶಗಳ ನೌಕಾಪಡೆಗಳು ತನ್ನ ಕೈಯ ದಾರಿ ಕಾಯುತ್ತಿವೆ ಎಂದರೆ ಸುಮ್ಮನೆಯೇ? ತನ್ನೊಳಗೆ ಭಯ ಎಷ್ಟು, ಹುರುಪು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ಪ್ಯಾನೆಲ್ ತೊಳೆಯುವ ಹೆಂಗಸೊಬ್ಬಳು ದಾರಿ ತೋರಿಸಿದಳು.

ಆಶಾರಾಣಿಯ ಮನೆ ಮುಂದೆ, ಬೇವಿನ ಮರದ ಕೆಳಗೆ, ಕೆಂಪಿ ನಿಂತು ಮೆಲುಕು ಹಾಕುತ್ತಿತ್ತು. ಕುತ್ತಿಗೆಯಲ್ಲಿ ಬಿಳಿ ಹಗ್ಗ. ಸರಸಮ್ಮ ಗಾಡಿ ನಿಲ್ಲುವುದಕ್ಕೂ ಕಾಯದೆ ಹಾರಿ ಇಳಿದು ಹಗ್ಗ ಹಿಡಿದಳು. ಗಂಟುಗಳೆಲ್ಲ ಗಟ್ಟಿಯಾಗಿದ್ದವು. ತುದಿಯ ಕುಚ್ಚು ಮಾತ್ರ ಇರಲಿಲ್ಲ. ಕೆಂಪಿ ಸರಸಮ್ಮನ ಮುಖ ನೋಡುತ್ತಾ, ಬಾಯಿಯ ಪಕ್ಕಕ್ಕೆ ಅಂಟಿದ್ದ ಕೊನೆಯ ಎರಡೆಳೆ ನೂಲನ್ನು ನಾಲಿಗೆಯಿಂದ ಒಳಗೆಳೆದುಕೊಂಡಿತು.

"ನಿನ್ ಹೊಟ್ಟೆ ಸೇದೋಗ!" ಎಂದು ಸರಸಮ್ಮ ಅದರ ಮೂತಿಗೊಂದು ಕೊಟ್ಟಳು.

ಸದ್ದಿಗೆ ಆಶಾರಾಣಿ ಹೊರಗೆ ಬಂದಳು. ಮನೆಯಲ್ಲೇ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ಅವಳದು. ಸೆರಗಿನ ಮೇಲೆ ಬಗ್ಗಿ ಕೂತರೆ ಫೋನೂ ಕೇಳಿಸುವುದಿಲ್ಲ, ಗಂಡ ಕರೆದರೂ ಕೇಳಿಸುವುದಿಲ್ಲ. ಅವಳ ಹಿಂದೆಯೇ ಅತ್ತೆ ರಾಧಾಮಣಿ ಬಂದಳು. ಸರಸಮ್ಮ ಒಂದೇ ಉಸಿರಿನಲ್ಲಿ ನಡೆದದ್ದನ್ನೆಲ್ಲ ಹೇಳಿ, ಹಗ್ಗದ ಗಂಟಿಗೆ ಕೈ ಹಾಕಿದಳು.

"ಆಗು ಅಕ್ಕಾ!" ಎಂದು ರಾಧಾಮಣಿ ತಡೆದಳು. ಸಿಟ್ಟು ಬಂದರೆ ಆಕೆಯ ಕನ್ನಡದೊಳಗೆ ತೆಲುಗು ನುಗ್ಗುತ್ತಿತ್ತು. "ಏಂದಮ್ಮಾ ಇದಿ? ಮಗಳಿಗಂತ ಕೊಟ್ಟ ಹಗ್ಗ ಮಳ್ಳೀ ವಾಪಸ್ ಬಿಚ್ಕೊಂಡೋಗೋದು ಎಕ್ಕಡೈನಾ ಉಂದಾ, ಎಲ್ಲಾನಾ ಐತಾ? ಈ ಮನೆ ಹಸು ಕೊರಗಿದ್ರೆ ಪರ್ವಾಗಿಲ್ಲ, ನಿನ್ ಹಡಗು ಕೊರಗಬಾರ್ದಾ?"

ಸರಸಮ್ಮನ ಕೈ ಅಲ್ಲೇ ನಿಂತಿತು. ಬೀಗಿತ್ತಿ ಹೇಳಿದ್ದು ನಿಜ. ಹಗ್ಗ ಬಿಚ್ಚಿದರೆ ಹಿರಿಮಗಳಿಗೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಬಿಚ್ಚದಿದ್ದರೆ ಕಿರಿಮಗಳು ಕಳ್ಳಿ. ಒಂದು ಹಗ್ಗದ ಎರಡು ತುದಿಗೆ ಎರಡು ಮಕ್ಕಳು. ಬಿಸಿಲು ಆಗಲೇ ಮರದ ಆಚೆ ಪಕ್ಕಕ್ಕೆ ವಾಲಿತ್ತು.

"ಮದುವೆ ದಿನ ಮಗಳ ಕೈ ಬುಡದೆ ಕಾರು ನಿಲ್ಸಿದ್ದೆ ನೀನು," ಎಂದು ರಾಧಾಮಣಿ ಬಿಡಲಿಲ್ಲ. "ಎಲ್ಲಾರೂ ಬುಡಮ್ಮ ಬುಡಮ್ಮ ಅಂದ್ರೂ ಬುಡ್ಲಿಲ್ಲ. ಕೊಡೋದಂದ್ರೆ ನಿಂಗೆ ಕಷ್ಟನೇ, ನಂಗೊತ್ತು."

ಅದೂ ನಿಜವೇ. ಅವತ್ತು ಕಾರಿನ ಬಾಗಿಲಲ್ಲಿ ಆಶಾರಾಣಿಯ ಕೈ ಹಿಡಿದಿದ್ದ ಸರಸಮ್ಮನ ಬೆರಳುಗಳನ್ನು ಬೈರಪ್ಪ ಒಂದೊಂದಾಗಿ ಬಿಡಿಸಬೇಕಾಗಿತ್ತು. ಬಿಟ್ಟ ಮೇಲೆ ಅವಳು ಅಂದದ್ದು ಒಂದೇ ಮಾತು, ಹೋದ ಮನೇಲಿ ಚೆನ್ನಾಗಿರವ್ವ ಎಂದು. ಈಗ ಎಲ್ಲರೆದುರು ಅದನ್ನು ಎತ್ತಿ ಆಡಿದ್ದಕ್ಕೆ ಅವಳ ಕಣ್ಣು ತುಂಬಿತು, ಸಿಟ್ಟಿಗೋ ನಾಚಿಕೆಗೋ.

ಆಗ ಬೈರಪ್ಪ ಮೊಪೆಡ್ಡಿನ ಹತ್ತಿರ ಹೋದ. ಕಡಲೆಕಾಯಿ ಚೀಲ ಬಿಗಿದಿದ್ದ ಪುಂಡಿ ನಾರಿನ ಹಗ್ಗ ಬಿಚ್ಚಿದ. ಚೀಲ ಉರುಳಿ ಕಾಯಿ ಅಂಗಳದ ತುಂಬ ಚೆಲ್ಲಿತು, ಅವನು ತಿರುಗಿಯೂ ನೋಡಲಿಲ್ಲ. "ಇದು ನಾನೇ ಹೊಸೆದಿದ್ದು. ತವರಿನ ಹಗ್ಗನೇ. ಮೊದ್ಲು ಇದುನ್ನ ಕಟ್ಟಿ, ಆಮ್ಯಾಕೆ ಅದುನ್ನ ಬಿಚ್ಚಾನ. ಕೆಂಪಿ ಕುತ್ತಿಗೆ ಒಂದ್ ಗಳಿಗೇನೂ ಬರಿದಾಗದು ಬ್ಯಾಡ," ಎಂದ.

ರಾಧಾಮಣಿ ಯೋಚಿಸಿದಳು. ಶಾಸ್ತ್ರಕ್ಕೆ ಎಲ್ಲೂ ಮುಕ್ಕಾಗಿರಲಿಲ್ಲ. "ಅಂಗಾದ್ರೆ ಸರಿ," ಎಂದಳು. ಸರಸಮ್ಮ ನಾರಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಆಶಾರಾಣಿಯ ಎರಡೂ ಕೈಗೆ ಹಾಕಿದಳು. ಹೊಸ ಹಗ್ಗ ಏರಿತು, ಬಿಳಿ ಹಗ್ಗ ಇಳಿಯಿತು. ಆ ಬಿಳಿ ಹಗ್ಗವನ್ನು ಬಿಚ್ಚಿ ತಾಯಿಯ ಕೈಗಿಟ್ಟವಳು ಆಶಾರಾಣಿಯೇ. "ಕಿತ್ಕೊಂಡೋದೆ ಅಂತ ಅಂದ್ಕೋಬೇಡಮ್ಮ. ನಾನು ರಕ್ಷಾಗೆ ಕೊಟ್ಟೆ," ಎಂದಳು.

ಅಷ್ಟಕ್ಕೇ ನಿಲ್ಲದೆ ಹಗ್ಗವನ್ನು ಮತ್ತೆ ಇಸಿದುಕೊಂಡು ತುದಿ ನೋಡಿದಳು. "ಇಂಗೆ ಬೋಳು ಬೋಳಾಗಿ ಕಳಿಸ್ತೀಯಾ?" ಒಳಗೆ ಹೋಗಿ ರೇಷ್ಮೆ ನೂಲು ತಂದು ಹೊಸಲ ಮೇಲೆ ಕೂತಳು. ಬಿಳಿ ನೂಲು ಮುಗಿದಿತ್ತು. ಇದ್ದದ್ದು ಯಾರದೋ ಮದುವೆ ಸೀರೆಯ ಗಿಳಿ ಹಸಿರು ಮತ್ತು ಅರಿಶಿನ ಬಣ್ಣ. ಸರಸಮ್ಮ ಮೊದಲು ಬೇಡ ಅಂದಳು, ಆಮೇಲೆ ಬೇಗ ಅಂದಳು. ಆಶಾರಾಣಿಯ ಬೆರಳುಗಳು ಓಡಿದವು. ಮಣಿಯೊಂದನ್ನು ಪೋಣಿಸಲು ಹೊರಟಾಗ ಸರಸಮ್ಮ, "ಅದು ಹಡಗು ಕಣೆ, ಹಸೆಮಣೆ ಅಲ್ಲ!" ಎಂದು ಕಿತ್ತುಕೊಂಡಳು.

ಅಳಿಯ ಲಕ್ಷ್ಮೀಪತಿ ಸೋಲಾರ್ ಪಾರ್ಕಿನ ಕೆಲಸ ಮುಗಿಸಿ ಬೈಕು ಇಳಿಯುತ್ತಿದ್ದ. ಇಳಿಯಲು ಬಿಡಲಿಲ್ಲ ಯಾರೂ. ಮೊಪೆಡ್ಡಿನಲ್ಲಿ ಹೋದರೆ ಹಡಗು ದ್ವೀಪ ಮುಟ್ಟಿದ ಮೇಲೆ ಮಧುಗಿರಿ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಸರಸಮ್ಮ ಅಳಿಯನ ಹಿಂದೆ ಹತ್ತಿ ಕೂತಳು. ಜೀವಮಾನದಲ್ಲಿ ಅಳಿಯನ ಎದುರು ಜೋರಾಗಿ ಮಾತಾಡಿದವಳಲ್ಲ. ಪಾವಗಡ ದಾಟುವಷ್ಟರಲ್ಲಿ ಅವಳು, "ಇನ್ನಾ ಜೋರಾಗಿ ಓಡ್ಸಪ್ಪಾ!" ಎಂದು ಕಿವಿಯಲ್ಲೇ ಕೂಗುತ್ತಿದ್ದಳು.

"ಅತ್ತೆ, ಬಿದ್ದೋಯ್ತೀವಿ!"

"ಬಿದ್ರೆ ಎದ್ದು ಹೋಗಾನ!"

ಗಾಳಿಗೆ ಅವಳ ತುರುಬು ಬಿಚ್ಚಿತ್ತು. ಒಂದು ಕಡೆ ಕುರಿ ಮಂದೆ ರಸ್ತೆಗೆ ಅಡ್ಡ ಬಂದಾಗ ಸರಸಮ್ಮ ತಾನೇ ಇಳಿದು ಹಚಾ ಹಚಾ ಎಂದು ಕುರಿ ಅಟ್ಟಿದಳು. ಕುರಿಯವನು ಬಾಯಿ ಬಿಟ್ಟುಕೊಂಡು ನೋಡಿದ. ಮಧುಗಿರಿ ಬೆಟ್ಟ ಕಣ್ಣಿಗೆ ಬಿದ್ದಾಗ ಅದರ ನೆತ್ತಿಯ ಮೇಲೆ ಇನ್ನೂ ಬೆಳಕಿತ್ತು, ಬುಡದಲ್ಲಿ ಆಗಲೇ ಕತ್ತಲು. ಊರೊಳಗೆ ಅಂಗಡಿಗಳ ದೀಪ ಹತ್ತಿದ್ದವು.

ಬಸ್ ನಿಲ್ದಾಣದ ಹತ್ತಿರ ಕಾರಿರಲಿಲ್ಲ.

ಲಕ್ಷ್ಮೀಪತಿ ಫೋನ್ ಮಾಡಿದ. ಪ್ರಸನ್ನ ಕುಮಾರ್ ಆಗಲೇ ಶಿರಾ ರಸ್ತೆ ಹಿಡಿದಿದ್ದ. ಎಷ್ಟು ಸಲ ಕರೆದರೂ ಸಿಗಲಿಲ್ಲ, ಗೆಳೆಯರು ಕೇಳಲಿಲ್ಲ, ಈಗ ತಾನೇ ಹೊರಟೆವು ಎಂದ. ಮಾತು ಮುಗಿಯುವ ಮೊದಲೇ ನೆಟ್‌ವರ್ಕ್ ಹೋಯಿತು. ಸರಸಮ್ಮನ ಕಣ್ಣ ಮುಂದೆ ರಕ್ಷಾ, ಬಿಳಿ ಸಮವಸ್ತ್ರದಲ್ಲಿ, ಕೈಯಲ್ಲಿ ನೈಲಾನ್ ಹಗ್ಗ ಹಿಡಿದು ತಲೆ ತಗ್ಗಿಸಿ ನಿಂತ ಹಾಗೆ ಕಂಡಿತು.

"ಈಗ ತಾನೇ ಅಂದ್ನಲ್ಲ? ಹತ್ತು!" ಎಂದಳು, ಗಾಡಿ ಅವಳದೇ ಅನ್ನುವ ಹಾಗೆ.

ಶಿರಾ ರಸ್ತೆಯಲ್ಲಿ ಲಕ್ಷ್ಮೀಪತಿ ಓಡಿಸಿದ್ದನ್ನು ಅವನ ತಾಯಿ ನೋಡಿದ್ದರೆ ಬೀಗಿತನವೇ ಮುರಿದುಬೀಳುತ್ತಿತ್ತು. ಊರು ಕಳೆದು ಸ್ವಲ್ಪ ದೂರದಲ್ಲಿ ಒಂದು ಬಿಳಿ ಕಾರಿನ ಹಿಂದಿನ ದೀಪ ಕಂಡಿತು. ಹಾರ್ನ್ ಹೊಡೆದರೆ ಕಾರಿನವರು ದಾರಿ ಬಿಟ್ಟರೇ ಹೊರತು ನಿಲ್ಲಿಸಲಿಲ್ಲ. ಪಕ್ಕಕ್ಕೆ ಬಂದ ಕೂಡಲೇ ಸರಸಮ್ಮ ಒಂದು ಕೈಯಲ್ಲಿ ಅಳಿಯನ ಅಂಗಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗವನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿದಳು. ಕಾರಿನ ಬೆಳಕಿನಲ್ಲಿ ಗಿಳಿ ಹಸಿರು ಕುಚ್ಚು ಹಾರಾಡಿತು.

ಕಾರು ನಿಂತಿತು. ಪ್ರಸನ್ನ ಕುಮಾರ್ ಇಳಿದು ಬಂದ. ಹಗ್ಗ ನೋಡಿ ಅವನ ಮುಖ ಅರಳಿತು, ಕುಚ್ಚು ನೋಡಿ ಬಾಡಿತು. "ಆಂಟಿ, ಇದೇನಿದು?"

"ಇದ್ದಿದ್ದುನ್ನ ಕಡಸು ತಿಂದ್ಬುಡ್ತು ಕಣಪ್ಪ."

"ಕಮಾಂಡರ್ ಸಾಹೇಬ್ರಿಗೆ ಏನು ಹೇಳೋದ್ ನಾವು?"

"ಅದುನ್ನೇ ಹೇಳಿ," ಎಂದಳು ಸರಸಮ್ಮ. ಆಮೇಲೆ ಅವನ ಕೈಗೆ ಹಗ್ಗ ಹಾಕಿ, "ನೋಡು ಮಗ, ಎರಡು ಕೈಲಿ ಕೊಡಕ್ಕೇಳು. ಮನ್ಸಿಟ್ಟು ಕೊಡಕ್ಕೇಳು. ಮರೀಬ್ಯಾಡ," ಎಂದಳು. ಕಾರು ಹೊರಟು ಕಣ್ಮರೆಯಾದ ಮೇಲೆ ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕೂತು ಅವಳೂ ಅಳಿಯನೂ ಸುಮ್ಮಸುಮ್ಮನೆ ನಕ್ಕರು.

ಮಾರನೆಯ ದಿನ ಮಧ್ಯಾಹ್ನ ಸರಸಮ್ಮನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಮಾರಂಭವನ್ನು ನೌಕಾಪಡೆಯವರೇ ನೇರ ಪ್ರಸಾರ ಹಾಕಿದ್ದರು, ಅದನ್ನು ಟಿವಿಗೆ ಬರುವ ಹಾಗೆ ಮಾಡಿದ್ದರು ಪಕ್ಕದ ಮನೆಯವರು. ಬೆಳಿಗ್ಗೆ ರಕ್ಷಾ ಒಂದೇ ನಿಮಿಷ ಮಾತಾಡಿದ್ದಳು. ಹಗ್ಗ ಕೈಗೆ ಬಂದ ಕೂಡಲೇ ಕಮಾಂಡರ್ ಸಾಹೇಬರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ್ದಳಂತೆ, ಗೂಟ, ಕೆಂಪಿ, ಅಕ್ಕನ ಕುಚ್ಚು, ಎಲ್ಲ. ಅವರು ಕುಚ್ಚನ್ನೇ ಬಹಳ ಹೊತ್ತು ನೋಡಿ, ಹೋಗು ರೆಡಿಯಾಗು ಅಂದರಂತೆ. ಅದರ ಅರ್ಥ ಏನೋ, ರಕ್ಷಾಳಿಗೂ ಗೊತ್ತಿಲ್ಲ.

ಟಿವಿಯಲ್ಲಿ ಬೂದಿ ಕಂಡಳು. ಎಂಥ ಬೂದಿ! ಹೊಸ ಬಣ್ಣದಲ್ಲಿ ಮಿಂಚುತ್ತಾ, ಮೈಯೆಲ್ಲ ಬಣ್ಣಬಣ್ಣದ ಬಾವುಟ ಕಟ್ಟಿಕೊಂಡು, ನೀರಿನ ಮೇಲೆ ಸಣ್ಣಗೆ ತೂಗುತ್ತಾ. "ಅಗಳಪ್ಪಾ, ಬೂದಿ!" ಎಂದು ಜನ ಕೂಗಿದರು. ಬ್ಯಾಂಡು, ಭಾಷಣ, ಸಲ್ಯೂಟು. ನಮ್ಮ ಬಾವುಟ ಇಳಿಯಿತು. ಆಮೇಲೆ ರಕ್ಷಾ ಬಂದಳು, ಬೆಳ್ಳಗೆ, ನೆಟ್ಟಗೆ, ಎರಡೂ ಅಂಗೈ ಮೇಲೆ ಹಗ್ಗ. ಅಷ್ಟೊಂದು ಬಿಳುಪಿನ ನಡುವೆ ಬಲಸಮುದ್ರದ ಗಿಳಿ ಹಸಿರು ಕುಚ್ಚು ಧಗಧಗ ಉರಿಯುತ್ತಿತ್ತು.

ಕಮಾಂಡರ್ ಮೈಕಿನ ಮುಂದೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರ ನಡುವೆ "ರಕ್ಷಾ" ಎಂದು ಬಂತು, "ತುಮಕೂರು" ಎಂದು ಬಂತು, "ಮದರ್" ಎಂದೂ ಬಂತು. ಅಲ್ಲಿದ್ದವರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು. ಬೈಗುಳವಲ್ಲ ಎಂದು ಗೊತ್ತಾಗಲು ಇಂಗ್ಲಿಷ್ ಬೇಕಾಗಿರಲಿಲ್ಲ. ಬೈರಪ್ಪ ಹೆಂಡತಿಯ ಕಡೆ ತಿರುಗಿ, "ಲೇ, ನಿನ್ ಸುದ್ದಿ ಕಣೇ!" ಎಂದ. ಕಳ್ಳಿ ಎಂಬ ಮಾತು ಅಲ್ಲಿಗೆ ಸತ್ತಿತು. ಸರಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ದ್ವೀಪದ ಕ್ಯಾಪ್ಟನ್ ಮುಂದೆ ಬಂದು ಎರಡೂ ಕೈ ಚಾಚಿದಳು. ರಕ್ಷಾ ಹಗ್ಗವನ್ನು ಆ ಕೈಗಳ ಮೇಲಿಟ್ಟಳು. ಇಟ್ಟಳು, ಆದರೆ ಬಿಡಲಿಲ್ಲ. ಆಕೆಯ ಬೆರಳು ಹಗ್ಗದ ಒಂದು ಕಡೆ, ರಕ್ಷಾಳ ಬೆರಳು ಇನ್ನೊಂದು ಕಡೆ. ಬ್ಯಾಂಡು ಕಾಯುತ್ತಾ ನಿಂತಿತು. ಕ್ಯಾಮೆರಾ ಹತ್ತಿರಕ್ಕೆ ಹೋಯಿತು.

ಮನೆ ತುಂಬ ಇದ್ದ ಜನಕ್ಕೆ ಏನಾಯಿತೆಂದು ತಿಳಿಯಲಿಲ್ಲ. ಸರಸಮ್ಮನಿಗೆ ತಿಳಿಯಿತು. ಆ ಹಿಡಿತ ತನ್ನದೇ. ಕಾರಿನ ಬಾಗಿಲಲ್ಲಿ ಆಶಾರಾಣಿಯ ಕೈ ಹಿಡಿದ ಹಿಡಿತ. ಅವಳು ಜನರನ್ನು ತಳ್ಳಿಕೊಂಡು ಎದ್ದು ಟಿವಿಯ ಮುಂದೆ ನಿಂತುಬಿಟ್ಟಳು.

"ಬುಡವ್ವಾ!" ಎಂದು ಕೂಗಿದಳು, ಮದಲೂರಿನಿಂದ ಕಾರವಾರಕ್ಕೆ ಕೇಳಿಸುವ ಹಾಗೆ. "ಕೊಟ್ಟಿದ್ದು ಕೊಟ್ಟಾಯ್ತು. ಬುಡು ನನ್ ಕಂದ, ಬುಟ್ಬುಡು!"

ರಕ್ಷಾಳ ಬೆರಳು ಒಂದೊಂದಾಗಿ ಬಿಟ್ಟವು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಸಲ್ಯೂಟ್ ಹೊಡೆದಳು. ಕ್ಯಾಪ್ಟನ್ ಹಗ್ಗವನ್ನು ಗಂಟೆಗೆ ಕಟ್ಟಿ, ಕುಚ್ಚಿನ ಮೇಲೆ ಹಿಡಿದು ಎಳೆದಳು. ಟಣ್ಣೆಂದಿತು. ಇನ್ನೊಂದು ಸಲ ಎಳೆದಳು. ಬ್ಯಾಂಡು ಶುರುವಾಯಿತು, ಮನೆಯಲ್ಲಿ ಯಾರೋ ಶಿಳ್ಳೆ ಹೊಡೆದರು.

ಸರಸಮ್ಮ ಟಿವಿಯ ಮುಂದಿನಿಂದ ಕದಲಲಿಲ್ಲ. ಹಿಂದಿನವರು ಕಾಣಿಸುತ್ತಿಲ್ಲ ಕೂತ್ಕೊಳಮ್ಮ ಎಂದು ಬೈಯುತ್ತಿದ್ದರೂ, ಬೂದಿಯ ಮೂತಿ ಇದ್ದ ಕಡೆ ಅಂಗೈ ಇಟ್ಟು ಒಂದು ಸಲ ಸವರಿದಳು.

"ಹೋದ ಮನೇಲಿ ಚೆನ್ನಾಗಿರವ್ವ," ಎಂದಳು.